ಸೊಂಟ ನೋವು ಪೂರ್ತಿ ಹೋದ ಮೇಲೆಯೇ ಓಟ ಶುರು ಮಾಡಬೇಕೇ? ಯಾವ ಶೂ ಹಾಕಿದರೆ ನೋವು ಬರುವುದಿಲ್ಲ?

ಎಂಆರ್‌ಐಯಲ್ಲಿ ಎಲ್4-ಎಲ್5 ಡಿಸ್ಕ್ (ಸೊಂಟದ ನಾಲ್ಕನೇ ಮತ್ತು ಐದನೇ ಮೂಳೆಗಳ ನಡುವಿನ ಮೆತ್ತೆ) ಉಬ್ಬಿದೆ ಎಂದು ಬಂದಿದೆ, ನೋವು ಹೋಗುವ ತನಕ ಕಾಯಲೇ, ಶೂ ಬದಲಾಯಿಸಲೇ ಎಂದು ಕೇಳಿದ್ದೀರಿ. ನನ್ನ ಕಣ್ಣು ನಿಂತದ್ದು ನಡುವೆ ನೀವು ಬರೆದ ಇನ್ನೊಂದು ಸಾಲಿನ ಮೇಲೆ: ‘ಬೆಳಿಗ್ಗೆ ಎದ್ದ ಕೂಡಲೇ ಚೆನ್ನಾಗಿ ಬಾಗಿ ಸ್ಟ್ರೆಚ್ ಮಾಡಿಯೇ ಓಡುತ್ತೇನೆ, ಆದರೂ ಸಂಜೆಗೆ ಸೊಂಟ ಹಿಡಿದುಕೊಳ್ಳುತ್ತದೆ.’ ಎಂಟು ತಿಂಗಳು ನಾನು ಮಾಡಿದ್ದೂ ಅದನ್ನೇ.

ಎದ್ದ ಹತ್ತು ನಿಮಿಷದೊಳಗೆ ನಿಂತಲ್ಲೇ ಬಾಗಿ ಕಾಲ್ಬೆರಳು ಮುಟ್ಟುವುದು, 30 ಸೆಕೆಂಡಿನಂತೆ ಐದು ಸಲ. ಆಮೇಲೆ ನೆಲದ ಮೇಲೆ ಕಾಲು ಚಾಚಿ ಕೂತು ಮುಂದಕ್ಕೆ ಬಾಗುವುದು. ಆಮೇಲೆ ಸೊಂಟ ಮಡಿಸಿಯೇ ಲೇಸ್ ಕಟ್ಟುವುದು. ಆಮೇಲೆ ಓಟ. ಓಡುವಾಗ ಹಗುರ, ಮಧ್ಯಾಹ್ನಕ್ಕೆ ಬಿಗಿತ, ಸಂಜೆಗೆ ಕುರ್ಚಿಯಿಂದ ಏಳಲು ಕೈಯೂರಬೇಕು. ನಾನು ಓಟವನ್ನು ದೂರಿದೆ. ಶೂ ಬದಲಾಯಿಸಿದೆ, ಡಾಂಬರು ಬಿಟ್ಟು ಮಣ್ಣಿನ ಹಾದಿ ಹಿಡಿದೆ, ಕೊನೆಗೆ ಆರು ವಾರ ಓಡುವುದನ್ನೇ ನಿಲ್ಲಿಸಿದೆ. ಆ ಆರು ವಾರದಲ್ಲೂ ನೋವು ಇಳಿಯಲಿಲ್ಲ. ನಿಂತದ್ದು ಓಟ ಮಾತ್ರ, ಬೆಳಗಿನ ಬಾಗುವಿಕೆ ನಿಂತಿರಲಿಲ್ಲ.

ಇದು ಯಾಕೆ ತಪ್ಪು ಎಂದು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಮೇಲ್ನೋಟಕ್ಕೆ ಇದು ಒಳ್ಳೆಯ ಅಭ್ಯಾಸದಂತೆಯೇ ಕಾಣುತ್ತದೆ. ಬೆನ್ನುಮೂಳೆಗಳ ನಡುವಿನ ಡಿಸ್ಕ್ ಒಳಗೆ ಲೋಳೆಯಂಥ ತಿರುಳಿದೆ, ಸುತ್ತ ಪದರ ಪದರವಾದ ನಾರಿನ ಬಳೆಯಿದೆ. ರಾತ್ರಿ ಮಲಗಿದಾಗ ಮೇಲಿನ ಭಾರ ಇಳಿಯುವುದರಿಂದ ಆ ತಿರುಳು ನೀರು ಹೀರಿ ಉಬ್ಬುತ್ತದೆ. ಬೆಳಿಗ್ಗೆ ನಮ್ಮ ಎತ್ತರ 1ರಿಂದ 2 ಸೆಂಟಿಮೀಟರ್ ಹೆಚ್ಚಿರುವುದು ಇದೇ ಕಾರಣಕ್ಕೆ. ಎದ್ದು ಓಡಾಡತೊಡಗಿದ ಮೇಲೆ ನೀರು ನಿಧಾನವಾಗಿ ಹಿಂಡಿ ಹೋಗುತ್ತದೆ. ದಿನವಿಡೀ ಕಳೆದುಕೊಳ್ಳುವ ಎತ್ತರದಲ್ಲಿ ಸುಮಾರು ಅರ್ಧ ಮೊದಲ ಒಂದು ಗಂಟೆಯಲ್ಲೇ ಇಳಿಯುತ್ತದೆ. ತುಂಬಿ ಬಿಗಿದ ಡಿಸ್ಕನ್ನು ಆ ಹೊತ್ತಿನಲ್ಲೇ ಮುಂದಕ್ಕೆ ಮಡಿಸಿದರೆ ಹಿಂಬದಿಯ ನಾರುಗಳ ಮೇಲೆ ಬೀಳುವ ಎಳೆತ, ಅದೇ ಬಾಗುವಿಕೆಯನ್ನು ಸಂಜೆ ಮಾಡಿದಾಗಿನದಕ್ಕಿಂತ ಹಲವು ಪಟ್ಟು ಹೆಚ್ಚು. ನಿಮ್ಮ ಡಿಸ್ಕ್ ಉಬ್ಬಿರುವುದೂ ಹೆಚ್ಚಾಗಿ ಆ ಹಿಂಬದಿಗೇ. ಬೆಳಗಿನ ಹೊತ್ತು ಸೊಂಟ ಬಗ್ಗಿಸುವುದನ್ನು ತಡೆದಷ್ಟಕ್ಕೇ ಹಳೆಯ ಸೊಂಟ ನೋವು ಕಡಿಮೆಯಾದದ್ದನ್ನು 1998ರಲ್ಲಿ ಪ್ರಕಟವಾದ ಒಂದು ಪ್ರಯೋಗ ತೋರಿಸಿತ್ತು.

ಹಾಗಾದರೆ ಸ್ಟ್ರೆಚ್ ಮಾಡಿದ ತಕ್ಷಣ ಹಾಯೆನಿಸುವುದು ಯಾಕೆ? ಸೊಂಟವನ್ನು ಕಾಯಲೆಂದು ಬಿಗಿದುಕೊಂಡ ಸ್ನಾಯುಗಳು ಎಳೆದಾಗ ಸ್ವಲ್ಪ ಹೊತ್ತು ಸಡಿಲಗೊಳ್ಳುತ್ತವೆ. ಹದಿನೈದು ಇಪ್ಪತ್ತು ನಿಮಿಷದ ಸಮಾಧಾನ ಅದು. ಒಳಗೆ ಕೆರಳಿದ ಜಾಗ ಆಮೇಲೆ ಎಚ್ಚರಗೊಳ್ಳುತ್ತದೆ, ಸ್ನಾಯು ಮೊದಲಿಗಿಂತ ಗಟ್ಟಿಯಾಗಿ ಬಿಗಿದುಕೊಳ್ಳುತ್ತದೆ, ಮರುದಿನ ನಾವು ಇನ್ನಷ್ಟು ಬಾಗುತ್ತೇವೆ. ನೋವು ಕಾಣಿಸಿಕೊಳ್ಳುವುದು ಓಟ ಮುಗಿದ ಮೇಲೆ, ಹಾಗಾಗಿ ತಪ್ಪೆಲ್ಲ ಓಟದ ತಲೆಗೆ ಬರುತ್ತದೆ.

ನಿಮ್ಮದೂ ಇದೇ ಬಗೆಯ ಸೊಂಟವೇ ಎಂದು ಹೀಗೆ ನೋಡಿಕೊಳ್ಳಿ. ಕುರ್ಚಿಯಲ್ಲಿ ಬೆನ್ನು ಗೂನು ಮಾಡಿ ಇಪ್ಪತ್ತು ನಿಮಿಷ ಕೂತಾಗ ನೋವು ಏರಿ, ಎದ್ದು ನಡೆದರೆ ಅಥವಾ ಹೊಟ್ಟೆ ಕೆಳಗೆ ಮಾಡಿ ಎರಡು ಮೂರು ನಿಮಿಷ ಮಲಗಿದರೆ ಇಳಿದರೆ, ಬಾಗುವುದೇ ನಿಮಗೆ ಶತ್ರು. ಇದಕ್ಕೆ ತದ್ವಿರುದ್ಧವಾಗಿ ನಿಂತಾಗ, ನಡೆದಾಗ ನೋವು ಏರಿ ಕೂತರೆ ಇಳಿಯುವವರೂ ಇದ್ದಾರೆ, ವಯಸ್ಸಾದವರಲ್ಲಿ ಇದು ಹೆಚ್ಚು. ಅಂಥವರಿಗೆ ಬೆಳಗಿನ ಬಾಗುವಿಕೆಗಿಂತ ಇಳಿಜಾರಿನ ಓಟ, ಉದ್ದುದ್ದ ಹೆಜ್ಜೆ, ಎದೆ ಉಬ್ಬಿಸಿ ಹಿಂದಕ್ಕೆ ವಾಲುವುದು ಹೆಚ್ಚು ಕಾಡುತ್ತದೆ.

ಯಾರಿಗೇ ಆಗಲಿ, ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ತೊಡೆಸಂದು ಮತ್ತು ಗುದದ ಸುತ್ತ ಜೋಮು ಹಿಡಿದರೆ, ಪಾದ ಎತ್ತಲಾಗದೆ ನಡೆಯುವಾಗ ನೆಲಕ್ಕೆ ಸವರಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಜ್ವರ, ಕಾರಣವಿಲ್ಲದೆ ಇಳಿದ ತೂಕ, ಮಲಗಿದರೂ ಬಿಡದ ರಾತ್ರಿ ನೋವು, ಹಿಂದೆ ಕ್ಯಾನ್ಸರ್ ಆಗಿದ್ದದ್ದು, ಬಿದ್ದು ಪೆಟ್ಟಾದದ್ದು ಇದ್ದರೂ ಮೊದಲು ವೈದ್ಯರು, ಆಮೇಲೆ ಓಟ.

ಇನ್ನು ‘ನೋವು ಪೂರ್ತಿ ಹೋದ ಮೇಲೆ’ ಎಂಬ ಷರತ್ತು. ಇದನ್ನು ನಾನು ಒಪ್ಪುವುದಿಲ್ಲ. ಸೊಂಟ ನೋವು ಬಂದು ಹೋಗಿ ಮತ್ತೆ ಬರುವ ಸ್ವಭಾವದ್ದು, ಕಾಯುತ್ತ ಕೂತವರು ಕೂತೇ ಇರುತ್ತಾರೆ. ಎಂಆರ್‌ಐ ವರದಿಗೂ ಅಷ್ಟು ಹೆದರಬೇಡಿ. ನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿದ 2015ರ ವಿಮರ್ಶೆಯ ಪ್ರಕಾರ 30ರ ವಯಸ್ಸಿನಲ್ಲಿ ಶೇ. 40, 50ರಲ್ಲಿ ಶೇ. 60 ಮಂದಿಗೆ ಡಿಸ್ಕ್ ಉಬ್ಬು ಇತ್ತು. ಓಟ ಡಿಸ್ಕನ್ನು ಸವೆಸುತ್ತದೆ ಎಂಬುದೂ ನಿಲ್ಲುವ ಮಾತಲ್ಲ. ವರ್ಷಗಟ್ಟಲೆ ಓಡುತ್ತ ಬಂದವರ ಡಿಸ್ಕ್‌ಗಳಲ್ಲಿ ಓಡದವರಿಗಿಂತ ನೀರಿನಂಶ ಚೆನ್ನಾಗಿರುವುದನ್ನು ಆಸ್ಟ್ರೇಲಿಯಾದ ಸಂಶೋಧಕರು 2017ರಲ್ಲಿ ವರದಿ ಮಾಡಿದ್ದಾರೆ. ಅಲ್ಲಿಯದೇ ಇನ್ನೊಂದು ಪ್ರಯೋಗ 2024ರಲ್ಲಿ ಬಂತು. ಸೊಂಟ ನೋವಿನಿಂದ ಆಗಷ್ಟೇ ಚೇತರಿಸಿಕೊಂಡ 701 ಜನರಲ್ಲಿ ನಡಿಗೆ ರೂಢಿಸಿಕೊಂಡವರಿಗೆ ನೋವು ಮರುಕಳಿಸಲು ಮಧ್ಯಮ ಲೆಕ್ಕದಲ್ಲಿ 208 ದಿನ ಹಿಡಿಯಿತು, ಉಳಿದವರಿಗೆ 112. ಹಾಗಾಗಿ ಕಾಯುವ ಬದಲು ನಡೆಯಿರಿ.

ವಾರಕ್ಕೆ ಐದು ದಿನ, 30 ನಿಮಿಷ ಬಿರುಸಿನ ನಡಿಗೆ, ಎರಡು ವಾರ. ನೋವನ್ನು 0ಯಿಂದ 10ರ ಅಳತೆಯಲ್ಲಿ ನೋಡಿದರೆ ನಡೆಯುವಾಗ 3 ದಾಟಬಾರದು, ಮರುದಿನ ಬೆಳಿಗ್ಗೆ ಎಂದಿನ ಮಟ್ಟದಲ್ಲೇ ಇರಬೇಕು. ಇದರ ಜೊತೆ ಒಂಟಿ ಕಾಲಲ್ಲಿ 30 ಸೆಕೆಂಡ್ ನಿಲ್ಲಲು, ಒಂಟಿ ಕಾಲಲ್ಲೇ ಹಿಮ್ಮಡಿ 20 ಸಲ ಎತ್ತಿಳಿಸಲು, ನಿಂತಲ್ಲೇ ಒಂಟಿ ಕಾಲಲ್ಲಿ ನೆಗೆಯುತ್ತ ಹತ್ತು ಸಲ ಕುಂಟಲು ಆದರೆ ಓಟಕ್ಕೆ ಇಳಿಯಬಹುದು. ಕುಂಟುವ ಪರೀಕ್ಷೆ ಬಿಡಬೇಡಿ. ನಡೆಯುವಾಗ ಪಾದಕ್ಕೆ ಸಿಗುವ ಹೊಡೆತ ಮೈತೂಕಕ್ಕಿಂತ ಸ್ವಲ್ಪವೇ ಹೆಚ್ಚು, ಓಡುವಾಗ ಎರಡರಿಂದ ಮೂರು ಪಟ್ಟು. ಓಟದ ಪ್ರತಿ ಹೆಜ್ಜೆಯೂ ಒಂಟಿ ಕಾಲಿನ ನೆಗೆತವೇ.

ಶುರುವಿಗೆ ದಿನ ಬಿಟ್ಟು ದಿನ, ವಾರಕ್ಕೆ ಮೂರು ಸಲ: 5 ನಿಮಿಷ ನಡಿಗೆ, ನಂತರ 1 ನಿಮಿಷ ಓಟ ಮತ್ತು 2 ನಿಮಿಷ ನಡಿಗೆ ಎಂಟು ಸುತ್ತು, ಕೊನೆಗೆ ಮತ್ತೆ 5 ನಿಮಿಷ ನಡಿಗೆ. ಇದೇ ಎರಡು ವಾರ. ಮುಂದಿನ ಎರಡು ವಾರ 2 ನಿಮಿಷ ಓಟ, 2 ನಿಮಿಷ ನಡಿಗೆ, ಆರು ಸುತ್ತು. ಆಮೇಲೆ 3 ಓಟ 1 ನಡಿಗೆ. ವೇಗ ಎಂದರೆ ಏದುಸಿರಿಲ್ಲದೆ ಪೂರ್ತಿ ವಾಕ್ಯ ಮಾತಾಡುವಷ್ಟು, ಅದಕ್ಕಿಂತ ಹೆಚ್ಚು ಬೇಡ. ದೂರ, ವೇಗ, ಏರು ಈ ಮೂರರಲ್ಲಿ ಒಂದು ವಾರಕ್ಕೆ ಒಂದನ್ನೇ ಹೆಚ್ಚಿಸಿ. ಹುಮ್ಮಸ್ಸಿನಲ್ಲಿ ಒಂದೇ ದಿನ ದುಪ್ಪಟ್ಟು ಓಡಿ ಕೆಡಿಸಿಕೊಳ್ಳುವವರೇ ಜಾಸ್ತಿ. ನೋವಿನ ಮಾತ್ರೆ ನುಂಗಿ ಓಡಬೇಡಿ, ಮರುದಿನದ ಅಳತೆ ಸುಳ್ಳಾಗುತ್ತದೆ.

ಬೆಳಿಗ್ಗೆಯೇ ಓಡಬೇಕೆಂದರೆ ಎದ್ದು 45 ನಿಮಿಷದಿಂದ ಒಂದು ಗಂಟೆ ಬಿಡಿ. ಆ ಹೊತ್ತಿನಲ್ಲಿ ನಿಂತು ಓಡಾಡಿಕೊಂಡಿರಿ, ಸೋಫಾದಲ್ಲಿ ಗೂನು ಹಾಕಿ ಮೊಬೈಲ್ ನೋಡುತ್ತ ಕೂತರೆ ಅದೂ ಬಾಗುವಿಕೆಯೇ. ಮುಖ ತೊಳೆಯುವಾಗ ಮಂಡಿ ಸ್ವಲ್ಪ ಮಡಿಸಿ, ಒಂದು ಕೈ ಊರಿ. ಹೊರಡುವ ಮುನ್ನ ಗೋಡೆ ಹಿಡಿದು ಒಂದೊಂದು ಕಾಲನ್ನೂ ಹಿಂದೆ ಮುಂದೆ ಹತ್ತು ಸಲ ಬೀಸಿ, ಹಿಮ್ಮಡಿ ಹದಿನೈದು ಸಲ ಎತ್ತಿ. ಎಳೆದು ಸಡಿಲಿಸಬೇಕಾದ ಜಾಗ ಒಂದಿದೆ, ಅದು ತೊಡೆಯ ಮುಂಭಾಗ. ಒಂದು ಮಂಡಿ ನೆಲಕ್ಕೂರಿ, ಆ ಬದಿಯ ಕುಂಡಿಯ ಸ್ನಾಯು ಬಿಗಿಹಿಡಿದು, ಸೊಂಟ ಹಿಂದಕ್ಕೆ ಬಾಗದಂತೆ ಮೈಯನ್ನು ಸ್ವಲ್ಪ ಮುಂದೆ ಸರಿಸಿ 30 ಸೆಕೆಂಡ್. ದಿನವಿಡೀ ಕೂತೇ ಇರುವವರಿಗೆ ಇಲ್ಲಿ ಬಿಗಿಯಿರುತ್ತದೆ. ಓಡುವಾಗ ತೊಡೆ ಹಿಂದಕ್ಕೆ ಹೋಗಲಾರದೆ ಆ ಕೆಲಸವನ್ನು ಸೊಂಟ ಬಳುಕಿ ಮಾಡಬೇಕಾಗುತ್ತದೆ.

ಹೆಜ್ಜೆ ಎಣಿಸಿ. ಬಲಗಾಲು ನೆಲ ಮುಟ್ಟುವುದನ್ನು 30 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ನಿಮಿಷಕ್ಕೆ ಎಷ್ಟು ಹೆಜ್ಜೆ ಎಂದು ಸಿಗುತ್ತದೆ. 38 ಬಂದರೆ 152. ವೇಗ ಹೆಚ್ಚಿಸದೆ ಅದನ್ನು ಶೇ. 5ರಷ್ಟು ಏರಿಸಿ, ಅಂದರೆ 160. ಇದಕ್ಕೆ ಫೋನಿನ ಮೆಟ್ರೊನೋಮ್ (ಒಂದೇ ಲಯದಲ್ಲಿ ಟಿಕ್ ಟಿಕ್ ಎನ್ನುವ ಆ್ಯಪ್) ಸಾಕು. ಹೆಜ್ಜೆ ಚಿಕ್ಕದಾಗುತ್ತದೆ, ಪಾದ ಮೈಯಿಂದ ದೂರ ಬೀಳದೆ ಮಂಡಿಯ ಕೆಳಗೇ ಬೀಳುತ್ತದೆ, ಓಟಕ್ಕೆ ಬ್ರೇಕ್ ಹಾಕಿದಂತೆ ಬೀಳುವ ಹೊಡೆತ ತಗ್ಗುತ್ತದೆ. ಮುಂದಕ್ಕೆ ವಾಲುವುದಾದರೆ ಕಣಕಾಲಿನಿಂದ, ಸೊಂಟದಿಂದಲ್ಲ.

ಸೊಂಟಕ್ಕೆ ಬಲ ಬರಲು ಕೆನಡಾದ ಬೆನ್ನುಮೂಳೆ ತಜ್ಞ ಸ್ಟುವರ್ಟ್ ಮೆಗಿಲ್ ಹೇಳುವ ಮೂರು ವ್ಯಾಯಾಮ ಸಾಕು. ಅಂಗಾತ ಮಲಗಿ ಒಂದು ಮಂಡಿ ಮಡಿಸಿ, ಸೊಂಟದ ಕೆಳಗೆ ಅಂಗೈ ಇಟ್ಟು, ತಲೆ ಭುಜ ಮಾತ್ರ ತುಸು ಎತ್ತುವುದು. ಪಕ್ಕಕ್ಕೆ ಮೊಣಕೈಯೂರಿ ಮೈಯನ್ನು ನೇರ ಹಿಡಿಯುವುದು, ಮೊದಲು ಮಂಡಿ ಊರಿಯೇ. ಕೈ ಮತ್ತು ಮಂಡಿಯ ಮೇಲೆ ನಿಂತು ಎದುರು ಬದಿಯ ಕೈ ಕಾಲು ಚಾಚುವುದು, ಬೆನ್ನ ಮೇಲೆ ನೀರಿನ ಲೋಟ ಇಟ್ಟರೂ ಚೆಲ್ಲದಂತೆ. ಪ್ರತಿಯೊಂದೂ 8ರಿಂದ 10 ಸೆಕೆಂಡ್. 6 ಸಲ, ಬಿಡುವು, 4 ಸಲ, ಬಿಡುವು, 2 ಸಲ. ಒಂದೇ ಸಮ ಒಂದು ನಿಮಿಷ ಹಿಡಿದು ನಡುಗುವುದಕ್ಕಿಂತ ಇದು ಮೇಲು, ಸುಸ್ತಾದಾಗ ಬೆನ್ನು ಸರಿಯುತ್ತದೆ. ಇವನ್ನೂ ಎದ್ದ ಕೂಡಲೇ ಮಾಡಬೇಡಿ.

ಓಡಿ ಬಂದ ಕೂಡಲೇ ಕೂರಬೇಡಿ, ಹತ್ತು ನಿಮಿಷ ಅಡ್ಡಾಡಿ. ಗಾಡಿ ಓಡಿಸಿಕೊಂಡು ಹೋಗಲೇಬೇಕೆಂದರೆ ಟವೆಲ್ ಸುತ್ತಿ ಸೊಂಟದ ಹಿಂದೆ ಇಟ್ಟುಕೊಳ್ಳಿ.

ನೋವು ಮತ್ತೆ ಕೆರಳುತ್ತದೆ, ಒಮ್ಮೆಯಾದರೂ ಆಗಿಯೇ ಆಗುತ್ತದೆ. ಹಾಸಿಗೆ ಹಿಡಿಯಬೇಡಿ. ಎರಡು ಮೂರು ದಿನ ಹತ್ತು ಹತ್ತು ನಿಮಿಷದ ನಡಿಗೆ, ನಂತರ ಎರಡು ವಾರ ಹಿಂದಿದ್ದ ಮಟ್ಟದಿಂದ ಓಟ. ನೋವು ಕಾಲಿಗೆ ಇಳಿಯುತ್ತಿದೆಯೇ, ಮೇಲಕ್ಕೆ ಬರುತ್ತಿದೆಯೇ ಎಂಬುದನ್ನು ಗಮನಿಸಿ. ಮೀನಖಂಡದಲ್ಲಿದ್ದ ನೋವು ಕಾಲು ಬಿಟ್ಟು ಸೊಂಟಕ್ಕೆ ಸೇರಿದರೆ, ಸೊಂಟದಲ್ಲಿ ಜಾಸ್ತಿ ಎನಿಸಿದರೂ, ಅದು ಒಳ್ಳೆಯ ಲಕ್ಷಣ. ಸೊಂಟದ್ದು ಮಂಡಿಯ ಕೆಳಗೆ ಹರಿದರೆ ಓಟ ನಿಲ್ಲಿಸಿ ಫಿಸಿಯೋಗೆ ತೋರಿಸಿ.

ಶೂ ಬಗ್ಗೆ ನನ್ನ ಉತ್ತರ ಚಿಕ್ಕದು. ಹಾಕಿಕೊಂಡು ಓಡಿ ನೋಡಿದಾಗ ಹಿತವೆನಿಸಿದ್ದು ಸಾಕು, 500ರಿಂದ 800 ಕಿಲೋಮೀಟರ್ ಆದ ಮೇಲೆ ಬದಲಾಯಿಸಿ. ದಪ್ಪ ಹಿಮ್ಮಡಿಯದಕ್ಕೆ ಒಗ್ಗಿದ ಕಾಲಿಗೆ ಏಕಾಏಕಿ ಚಪ್ಪಟೆಯದು ಹಾಕಬೇಡಿ. ಲೇಸ್ ಕಟ್ಟುವಾಗ ಮಾತ್ರ ಪಾದವನ್ನು ಕುರ್ಚಿಯ ಮೇಲಿಡಿ, ಇಲ್ಲವೇ ಒಂದು ಮಂಡಿ ನೆಲಕ್ಕೂರಿ. ನಾಳೆ ಬೆಳಿಗ್ಗೆ ಓಟದಲ್ಲಿ ಏನನ್ನೂ ಬದಲಿಸದೆ ಬರೀ ಇದೊಂದನ್ನೂ ಆ ಕಾಲ್ಬೆರಳು ಮುಟ್ಟುವುದನ್ನೂ ಬದಲಿಸಿ, ಎರಡು ವಾರ ಸಂಜೆಯ ನೋವಿನ ಅಂಕಿ ಬರೆದಿಡಿ.