ಅಕ್ಕಿ ರಫ್ತು ನಿಷೇಧದಿಂದ ಹೊರದೇಶಕ್ಕೂ ನಮ್ಮ ಮನೆಗೂ ಏನಾಯಿತು?

2023ರ ಜುಲೈ 20ರಂದು ಭಾರತ ಬಾಸ್ಮತಿಯೇತರ ಬಿಳಿ ಅಕ್ಕಿಯ ರಫ್ತು ನಿಷೇಧಿಸಿದಾಗ ಹೊರಗಿನ ಮಾರುಕಟ್ಟೆ ಕೂಡಲೇ ತತ್ತರಿಸಿತು. ಇಲ್ಲಿನ ಮಧ್ಯಮ ವರ್ಗಕ್ಕೆ ಮಾತ್ರ ನಿರೀಕ್ಷಿಸಿದ ಅಗ್ಗದ ಅಕ್ಕಿ ಸಿಗಲಿಲ್ಲ.

ಜಗತ್ತು ಬೆಳೆಯುವ ಅಕ್ಕಿಯಲ್ಲಿ ಗಡಿ ದಾಟಿ ಮಾರಾಟವಾಗುವುದು ಸುಮಾರು ಹತ್ತರಲ್ಲಿ ಒಂದು ಪಾಲು. ಅದರಲ್ಲಿ ಶೇ 40ರಷ್ಟು ಭಾರತದ್ದೇ. ಇಂಥ ಕಿರಿದಾದ ಸಂತೆಯಿಂದ ದೊಡ್ಡ ವ್ಯಾಪಾರಿ ಎದ್ದು ಹೋದರೆ ಉಳಿದವರು ಹೇಳಿದ್ದೇ ಬೆಲೆ. ಥಾಯ್ಲೆಂಡ್, ವಿಯೆಟ್ನಾಂ ಅಕ್ಕಿಯ ದರ ಏರಿತು. ಅಮೆರಿಕದಲ್ಲಿರುವ ದಕ್ಷಿಣ ಭಾರತೀಯರು ಸೋನಾ ಮಸೂರಿ ಚೀಲಕ್ಕಾಗಿ ಅಂಗಡಿಗಳಿಗೆ ಮುಗಿಬಿದ್ದರು.

ಇಲ್ಲಿ ಚಿಲ್ಲರೆ ಬೆಲೆ ತಗ್ಗದ ಕಾರಣ 2024ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರವೇ ಕಿಲೋಗೆ 29 ರೂಪಾಯಿಯ ‘ಭಾರತ್ ಅಕ್ಕಿ’ ಮಾರಬೇಕಾಯಿತು. ನಿಷೇಧ ತೆರವಾದದ್ದು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ. ಅಷ್ಟು ದಿನ ಹೊರಗಿನ ಒಳ್ಳೆಯ ದರ ಭತ್ತದ ರೈತನ ಕೈಗೆ ಎಟುಕಲಿಲ್ಲ, ನನಗೆ ಹೆಚ್ಚು ನೋವು ತರುವುದು ಅದೇ.