ಹಳೆಯ ಬೀದಿಯ ಅಂದ ಉಳಿಯಲು ಒಂದೆರಡು ಹಳೆಯ ಮನೆ ಕಾಪಾಡಿದರೆ ಸಾಕೇ?

ಸಾಲದು. ಒಂದು ಮನೆಯನ್ನು ಚೆನ್ನಾಗಿ ಉಳಿಸಿಕೊಂಡು, ಅದರ ಎರಡೂ ಪಕ್ಕದಲ್ಲಿ ಐದು ಮಹಡಿ ಎದ್ದರೆ ಬೀದಿಯ ಚಹರೆ ಹೋದ ಹಾಗೇ ಅಲ್ವಾ? ಮನೆಗಳ ಎತ್ತರ, ರಸ್ತೆಯಿಂದ ಬಿಟ್ಟ ಜಾಗ, ಜಗಲಿ, ಮರ ಎಲ್ಲ ಸೇರಿಯೇ ಬೀದಿಗೊಂದು ರೂಪ. ಅದಕ್ಕೇ ಅಮೆರಿಕದ ಚಾರ್ಲ್‌ಸ್ಟನ್ ನಗರ 1931ರಲ್ಲೇ ಇಡೀ ಹಳೆಯ ಪ್ರದೇಶಕ್ಕೆ ಸೇರಿಸಿ ನಿಯಮ ಮಾಡಿತು. ಫ್ರಾನ್ಸ್ 1962ರಲ್ಲಿ ಇಂಥದೇ ಕಾನೂನು ತಂದಿತು.

ಕಾನೂನು ಇದ್ದರೂ ತಪ್ಪು ರಿಪೇರಿಯಿಂದ ಮನೆ ಹಾಳಾಗುತ್ತದೆ. ನನಗೆ ತುಂಬಾ ಬೇಸರ ತರಿಸುವುದು ಇದೇ. ಬಹಳಷ್ಟು ಹಳೆಯ ಗೋಡೆಗಳಲ್ಲಿರುವುದು ಸುಣ್ಣದ ಗಾರೆ. ಅದು ತೇವವನ್ನು ಹೊರಗೆ ಬಿಡುತ್ತದೆ. ಮೇಲೆ ಸಿಮೆಂಟ್ ಬಳಿದರೆ ನೀರು ಒಳಗೇ ಸಿಕ್ಕಿಕೊಳ್ಳುತ್ತದೆ. ಉಪ್ಪು ಕಟ್ಟಿ, ನಿಧಾನಕ್ಕೆ ಇಟ್ಟಿಗೆಯೇ ಪುಡಿಯಾಗುತ್ತದೆ. ಗಟ್ಟಿಯಾಗಲಿ ಅಂತ ಸುಮ್ನೆ ಸಿಮೆಂಟ್ ಮೆತ್ತಬೇಡಿ, ದಯವಿಟ್ಟು. ಸುಣ್ಣದ ಕೆಲಸ ಬಲ್ಲವರನ್ನೇ ಹುಡುಕಿ.

ಬಾಗಿಲು, ಕಿಟಕಿಗಳಲ್ಲಿ ಕೊಳೆತ ಭಾಗವನ್ನಷ್ಟೇ ಬದಲಿಸಿ. ಒಳಗೆ ಅಡುಗೆಮನೆ, ಬಚ್ಚಲು ಹೊಸದಾದರೆ ತಪ್ಪೇನಿಲ್ಲ. ಮನೆಯನ್ನು ಖಾಲಿ ಮಾತ್ರ ಬಿಡಬೇಡಿ. ಜನ ಇಲ್ಲದ ಮನೆಯಲ್ಲಿ ಮಾಡು ಸೋರುವುದು ಯಾರ ಕಣ್ಣಿಗೂ ಬೀಳುವುದಿಲ್ಲ.