ಅಡ್ಡಿ ಹೋಯಿತು, ಅವಸರ ಹೋಗಲಿಲ್ಲ

ಪ್ರಶ್ನೆ: ನಮ್ಮ ತಂದೆಗೆ 71 ವರ್ಷ. ಏಳೆಂಟು ವರ್ಷ ಒಂದಕ್ಕೆ ಹೋಗಲು ತಿಣುಕುತ್ತಿದ್ದರು. ಎರಡು ತಿಂಗಳ ಹಿಂದೆ ಪ್ರಾಸ್ಟೇಟ್ ಆಪರೇಷನ್ ಆಯಿತು. ಈಗ ಧಾರೆ ಚೆನ್ನಾಗಿದೆ. ಆದರೂ ರಾತ್ರಿ ನಾಲ್ಕೈದು ಸಲ ಏಳುತ್ತಾರೆ, ಬಂತು ಅನ್ನಿಸಿದರೆ ತಡೆಯಲು ಆಗುವುದಿಲ್ಲ. ಹೆದರಿ ನೀರು ಕುಡಿಯುವುದನ್ನೇ ಬಿಟ್ಟಿದ್ದಾರೆ. ಆಪರೇಷನ್ ಸರಿಯಾಗಿ ಆಗಿಲ್ವಾ?
- ಓದುಗರೊಬ್ಬರು, ತಿಪಟೂರು

ಉತ್ತರ: ಧಾರೆ ಚೆನ್ನಾಗಿ ಬರುತ್ತಿದೆ ಅಂದರೆ, ಪ್ರಾಸ್ಟೇಟ್ ಗ್ರಂಥಿ ಉಬ್ಬಿ ಕಟ್ಟಿದ್ದ ಮೂತ್ರದ ದಾರಿ ತೆರೆದಿದೆ. ಆಪರೇಷನ್ ಬಗ್ಗೆ ಈಗಲೇ ಅನುಮಾನ ಬೇಡ. ತೊಂದರೆ ಉಳಿದಿರುವುದು ಬಹುಶಃ ಮೂತ್ರಕೋಶದ ಗೋಡೆಯಲ್ಲಿ.

ಇಂಥವರ ಮೂತ್ರಕೋಶವನ್ನು ನಾನು ಕ್ಯಾಮೆರಾ ಕೊಳವೆಯಿಂದ ಎಷ್ಟೋ ಸಲ ನೋಡಿದ್ದೇನೆ. ಆರೋಗ್ಯವಾಗಿದ್ದರೆ ಒಳಗೋಡೆ ನಸುಗೆಂಪು, ನುಣುಪು. ವರ್ಷಗಟ್ಟಲೆ ತಿಣುಕಿದವರದ್ದು ಹಗ್ಗದ ಮಂಚದ ಹಾಗೆ. ಅಡ್ಡಡ್ಡ ಉಬ್ಬಿದ ಹುರಿಗಳು, ನಡುನಡುವೆ ಗುಳಿಗಳು. ಆ ಹುರಿಗಳೆಲ್ಲ ದುಡಿದು ದುಡಿದು ದಪ್ಪಗಾದ ಸ್ನಾಯು.

ದಾರಿ ಕಟ್ಟಿಕೊಂಡಾಗ ಮೂತ್ರಕೋಶ ಜಾಸ್ತಿ ಒತ್ತಡ ಹಾಕಿ ಹಿಂಡಬೇಕು. ಹಾಗೆ ಹಿಂಡುವಷ್ಟು ಹೊತ್ತು ಗೋಡೆಯ ರಕ್ತನಾಳಗಳೂ ಅದುಮಿಹೋಗಿ ಜೀವಕೋಶಗಳಿಗೆ ಆಮ್ಲಜನಕ ಸಾಲುವುದಿಲ್ಲ. ಹಿಂಡಿ ಮುಗಿದ ಕೂಡಲೇ ರಕ್ತ ಒಮ್ಮೆಲೇ ನುಗ್ಗುತ್ತದೆ. ಆಗ ಜೀವಕೋಶಕ್ಕೆ ಹಾನಿ ಮಾಡುವ ಕಣಗಳಾದ ಫ್ರೀ ರ‍್ಯಾಡಿಕಲ್‌ಗಳು ಹುಟ್ಟಿ ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾವನ್ನು ಕೆಡಿಸುತ್ತವೆ. ಸ್ನಾಯು ಬಿಗಿಯಲು, ಸಡಿಲಾಗಲು ಬೇಕಾದ ಕ್ಯಾಲ್ಸಿಯಂ ಲೆಕ್ಕವೂ ತಪ್ಪುತ್ತದೆ. ದಿನಕ್ಕೆ ಹತ್ತು ಸಲ ಅಂದರೂ ವರ್ಷಕ್ಕೆ 3,650 ಸಲ ಈ ಪೆಟ್ಟು. ಸ್ನಾಯುವಿನ ಎಳೆಗಳ ನಡುವೆ ಕೊಲಾಜೆನ್ ಎಂಬ ಗಟ್ಟಿ ನಾರು ತುಂಬಿ ಗೋಡೆ ಬಿರುಸಾಗುತ್ತದೆ. ಮೊದಲಿನ ಹಾಗೆ ಹಿಗ್ಗುವುದಿಲ್ಲ.

ಸೂಕ್ಷ್ಮವಾದ ನರದ ತುದಿಗಳೂ ಅಲ್ಲಲ್ಲಿ ಸಾಯುತ್ತವೆ. ನರ ಕಳೆದುಕೊಂಡ ಸ್ನಾಯು ಸುಮ್ನೆ ಕೂರುವುದಿಲ್ಲ. ಹಿಂಡು ಎಂದು ಹೇಳುವ ಅಸಿಟೈಲ್‌ಕೋಲಿನ್ ಒಂಚೂರು ಸೋಕಿದರೂ ಬಿಗಿಯುತ್ತದೆ. ಶಾಲೆಯಲ್ಲಿ ಎಟಿಪಿ ಅಂದರೆ ಶಕ್ತಿ ಅಂತ ಓದಿರುತ್ತೀರಿ, ಅಲ್ವಾ? ಇಲ್ಲಿ ಅದಕ್ಕೆ ಸುದ್ದಿ ಮುಟ್ಟಿಸುವ ಕೆಲಸವೂ ಇದೆ. ಮೂತ್ರ ತುಂಬಿ ಒಳಪದರ ಹಿಗ್ಗಿದಾಗ ಎಟಿಪಿ ಹೊರಬಂದು ನರಗಳಿಗೆ ‘ತುಂಬಿತು’ ಎನ್ನುತ್ತದೆ. ಕೆರಳಿದ ಮೂತ್ರಕೋಶದಲ್ಲಿ ಈ ಸುದ್ದಿ ಅರ್ಧ ತುಂಬುವ ಮೊದಲೇ ಹೊರಡುತ್ತದೆ. ನಿಮ್ಮ ತಂದೆಯವರು ಓಡುವುದು ಅದಕ್ಕೇ. ದಯವಿಟ್ಟು ಮನೆಯಲ್ಲಿ ಯಾರೂ ಅವರನ್ನು ಗದರಬೇಡಿ.

ಅಡ್ಡಿ ಹೋದ ಮೇಲೆ ದಪ್ಪಗಾದ ಸ್ನಾಯು ನಿಧಾನವಾಗಿ ಇಳಿಯುತ್ತದೆ. ಅದಕ್ಕೆ ಮೂರರಿಂದ ಆರು ತಿಂಗಳು ಬೇಕಾಗಬಹುದು. ಕೂತುಬಿಟ್ಟ ಕೊಲಾಜೆನ್ ಮಾತ್ರ ಅಷ್ಟು ಸುಲಭವಾಗಿ ಕರಗುವುದಿಲ್ಲ. ಹಾಗಾಗಿ ಕೆಲವರಿಗೆ ಮಾತ್ರೆ ಬೇಕಾಗುತ್ತದೆ. ಅಸಿಟೈಲ್‌ಕೋಲಿನ್ ತಡೆಯುವ ಮಾತ್ರೆಗಳಿಂದ ಬಾಯಿ ಒಣಗುತ್ತದೆ, ಮಲಬದ್ಧತೆ ಆಗುತ್ತದೆ, ವಯಸ್ಸಾದವರಿಗೆ ಮರೆವು, ಗಲಿಬಿಲಿಯೂ ಆಗಬಹುದು. ಬೇರೆ ಬಗೆಯ ಮಾತ್ರೆ ಮಿರಾಬೆಗ್ರಾನ್‌ಗೆ ಆ ಕಾಟ ಕಡಿಮೆ, ಆದರೆ ಬಿಪಿ ನೋಡುತ್ತಿರಬೇಕು. ಮಾತ್ರೆಗೆ ಮೊದಲು ಮೂತ್ರ ಪರೀಕ್ಷೆ, ಸಕ್ಕರೆ ಪರೀಕ್ಷೆ, ಮೂತ್ರ ಮಾಡಿದ ಮೇಲೆ ಎಷ್ಟು ಉಳಿದಿದೆ ಎಂದು ಸ್ಕ್ಯಾನ್ ಆಗಲಿ. ಜ್ವರ ಬಂದರೆ, ರಕ್ತ ಹೆಪ್ಪುಗಟ್ಟಿ ಬಂದರೆ, ಮೂತ್ರವೇ ನಿಂತರೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನೀರು ಬಿಡಿಸಬೇಡಿ. ಮೂತ್ರ ಗಟ್ಟಿಯಾದಷ್ಟೂ ಉರಿ ಜಾಸ್ತಿ. ಹಗಲು ಬೇಕಾದಷ್ಟು ಕುಡಿಯಲಿ, ಸಂಜೆ ಆರರ ಮೇಲೆ ಕಡಿಮೆ ಮಾಡಲಿ, ರಾತ್ರಿಯ ಕಾಫಿ ಬೇಡ.

ಇನ್ನೊಂದು ಕೆಲಸ ಮಾಡಿ. ಒಂದು ಅಳತೆಯ ಜಗ್ ತಂದಿಟ್ಟು ಮೂರು ದಿನ ಪ್ರತಿ ಸಲದ ಹೊತ್ತು, ಎಷ್ಟು ಮಿ.ಲೀ. ಎಂದು ಬರೆದಿಡಿ. ರಾತ್ರಿಯದ್ದು, ಬೆಳಿಗ್ಗೆ ಎದ್ದಾಗಿನ ಮೊದಲ ಸಲದ್ದು ಎರಡನ್ನೂ ಕೂಡಿಸಿ. ಅದು ಇಡೀ ದಿನದ್ದರಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಇದ್ದರೆ, ರಾತ್ರಿ ಮೂತ್ರ ತಯಾರಾಗುವುದೇ ಹೆಚ್ಚು ಎಂದರ್ಥ. ಆಗ ಹೃದಯ, ಕಾಲಿನ ಬಾವು, ಗೊರಕೆ ಇವನ್ನೂ ನೋಡಬೇಕು. ಆ ಚೀಟಿಯನ್ನು ನಿಮ್ಮ ಡಾಕ್ಟರ ಮುಂದೆ ಇಡಿ.